14 ತಿಂಗಳ ರೋಸ್‌ಮೆರಿ ಎಣ್ಣೆ: ಮಿಷನ್ ಅಟ್ಟಕ್ಕೆ, ಬಾಟಲಿ ಮೇಜಿಗೆ

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮನೆ. ಹಗಲು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ, ರಾತ್ರಿ ಸರಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆ ಓದು. 8 ಗಂಟೆಗೆ ಪುಸ್ತಕ ಬಿಡಿಸಿದರೆ ಎಂಟೂಕಾಲಿಗೆ ಕೈ ಫೋನಿಗೆ ಹೋಗುತ್ತಿತ್ತು. ವಾಸನೆಯಿಂದ ಗಮನ ನಿಲ್ಲಬಹುದು ಅಂತ ಒಂದು ಡಿಫ್ಯೂಸರ್ (ನೀರಿಗೆ ಎಣ್ಣೆ ಹಾಕಿದರೆ ವಾಸನೆಯ ಹಬೆ ಬಿಡುವ ಮಿಷನ್), 10 ಎಂಎಲ್ ರೋಸ್‌ಮೆರಿ ಅನ್ನುವ ಪರಿಮಳದ ಗಿಡದ ಎಣ್ಣೆ ತರಿಸಿದೆ. ಎರಡೂ ಸೇರಿ 1,200 ರೂಪಾಯಿ.

ಮೊದಲ ರಾತ್ರಿಯೇ ಅಮ್ಮ ಒಳಗಿಂದ, "ಯಾರಿಗೆ ಶೀತ? ನೀಲಗಿರಿ ಎಣ್ಣೆ ಹಚ್ಚಿದ್ದು ಯಾರು?" ಅಂದರು. ನಕ್ಕುಬಿಟ್ಟೆ. ಆಮೇಲೆ ಓದಿದರೆ ಅಮ್ಮನ ಮೂಗು ಸರಿಯೇ ಇತ್ತು. 1,8-ಸಿನಿಯೋಲ್ ಅನ್ನುವ ಅಂಶ ಎರಡರಲ್ಲೂ ಇದೆ, ನೀಲಗಿರಿಯಲ್ಲಿ ಇನ್ನೂ ಜಾಸ್ತಿ.

ಬ್ರಿಟನ್ನಿನ ನಾರ್ಥಂಬ್ರಿಯಾ ವಿಶ್ವವಿದ್ಯಾಲಯದವರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 144 ಜನರಿದ್ದರು. ರೋಸ್‌ಮೆರಿ ವಾಸನೆಯಲ್ಲಿ ಕೂತವರ ನೆನಪು ಚೆನ್ನಾಗಿತ್ತು, ಆದರೆ ನೆನಪಿಸಿಕೊಳ್ಳುವ ವೇಗ ಕಡಿಮೆ. ಲ್ಯಾವೆಂಡರ್ ಹೂವಿನ ಎಣ್ಣೆಯ ವಾಸನೆಯಲ್ಲಿ ಕೂತವರು ನೆನಪಿನಲ್ಲೂ ಹಿಂದೆ. ನಾನೂ ಒಮ್ಮೆ ಲ್ಯಾವೆಂಡರ್ ಹಾಕಿ ನೋಡಿದೆ. ಪುಸ್ತಕದ ಮೇಲೇ ನಿದ್ದೆ!

ಪರೀಕ್ಷೆಯ ಲೆಕ್ಕಗಳೇನೂ ನನಗೆ ಬೇಗ ಮುಗಿಯಲಿಲ್ಲ. ಆದರೆ ಕೂತಲ್ಲಿಂದ ಏಳುವುದು ಕಡಿಮೆಯಾಯಿತು. ಹದಿನೈದು ನಿಮಿಷಕ್ಕೆಲ್ಲ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ, ಆದರೂ ಗಂಟೆಗಟ್ಟಲೆ ಕೂರುತ್ತೇನೆ. ಈ ವಾಸನೆ ಬಂತೆಂದರೆ ಓದಬೇಕು ಅಂತ ತಲೆಗೆ ಅಭ್ಯಾಸ ಆಗಿರಬೇಕು. ಹಾಗಾದರೆ ಊದುಬತ್ತಿಯೂ ಸಾಕಾಗುತ್ತಿತ್ತು ಅಲ್ವಾ? ಹೊಗೆಗೆ ನನಗೆ ಕೆಮ್ಮು, ಹಾಗಾಗಿ ಇದೇ ಇರಲಿ.

ಡಿಫ್ಯೂಸರ್ ಮಾತ್ರ ತಲೆನೋವು. ಕೊಳವೆಬಾವಿ ನೀರು ಹಾಕಿದ್ದಕ್ಕೆ ಒಳಗಿನ ಬಿಲ್ಲೆಯ ಮೇಲೆ ಬಿಳಿ ಪುಡಿ ಕೂತು ಹಬೆ ಬರುವುದೇ ನಿಂತಿತು. ಹತ್ತಿಗೆ ವಿನೆಗರ್ ಅದ್ದಿ ಒರೆಸಿದೆ, ಮತ್ತೆ ನಡೆಯಿತು. ಅಂದಿನಿಂದ ಸುರಂಗದ (ಗುಡ್ಡ ಅಡ್ಡಕ್ಕೆ ಕೊರೆದು ತೆಗೆದ ಬಾವಿ) ನೀರು ಹಾಕಿದೆ, ಪುಡಿಯ ಕಾಟ ಇಲ್ಲ. ಆದರೆ ಜೋರು ಮಳೆಯ ಆಟಿ ತಿಂಗಳು ಬಂತಲ್ಲ! ಮೊದಲೇ ಗೋಡೆ ಬೆವರುವ ಕಾಲ, ಅದರ ಮೇಲೆ ಮುಚ್ಚಿದ ಕೋಣೆಯಲ್ಲಿ ಇದರ ಹಬೆ. ರ‍್ಯಾಂಕ್ ಫೈಲಿನ (ಪಿಎಸ್‌ಸಿ ಗೈಡ್ ಪುಸ್ತಕ) ರಟ್ಟಿಗೆ ಬೂಷ್ಟು ಹಿಡಿಯಿತು. ಮಿಷನ್ ಅಟ್ಟಕ್ಕೆ ಹೋಯಿತು. ಈಗ ಹತ್ತಿ ಉಂಡೆಗೆ ಎರಡು ಹನಿ, ಮೇಜಿನ ಮೂಲೆಯಲ್ಲಿ ಒಂದು ತೆಂಗಿನ ಚಿಪ್ಪಿನೊಳಗೆ. ಕರೆಂಟೂ ಬೇಡ.

ಎರಡನೇ ಬಾಟಲಿ ಬೇರೆಯವರಿಂದ ಅಗ್ಗಕ್ಕೆ ಸಿಕ್ಕಿತು. ಹಳೆ ಕ್ಯಾಲೆಂಡರಿನ ಹಾಳೆಗೆ ಒಂದು ಹನಿ ಬಿಟ್ಟೆ. ಮರುದಿನವೂ ವಡೆ ಇಟ್ಟ ಕಾಗದದ ಹಾಗೆ ಜಿಡ್ಡಿನ ಕಲೆ. ಬೇರೆ ಎಣ್ಣೆ ಬೆರೆಸಿದ್ದರು. ಒಳ್ಳೆಯದಾದರೆ ಹೆಚ್ಚುಕಡಿಮೆ ಆರಿಹೋಗುತ್ತದೆ.

ಅಕ್ಕನ ಪುಟ್ಟ ಮಗು ಬಂದ ದಿನ ಬಾಟಲಿ ಬೀರುವಿನೊಳಗೆ. ಈ ಎಣ್ಣೆಗಳನ್ನು ಎಳೆಮಕ್ಕಳ ಮುಖದ ಹತ್ತಿರ ತರಲೇಬಾರದು.

ಎಣ್ಣೆಗೆ ನಾಲ್ಕು ಸ್ಟಾರ್, ಮಿಷನ್ನಿಗೆ ಎರಡು. ಯಾರಿಗಾದರೂ ಬೇಕಿದ್ದರೆ ಅರ್ಧ ರೇಟಿಗೆ ಕೊಡುತ್ತೇನೆ.