ಸಂಜೆಯ ಕರಾಟೆ ತರಗತಿ: ನಿದ್ರೆಯ ದೃಷ್ಟಿಯಿಂದ ಒಂದು ವಿಮರ್ಶೆ

ಹಾಸಿಗೆಗೆ ಹೋದ ಮೇಲೂ ಹಗಲಿನ ಮಾತುಗಳನ್ನೇ ಮೆಲುಕು ಹಾಕುವ ಮನಸ್ಸಿಗೆ ಕರಾಟೆಯಿಂದ ಏನಾದರೂ ಪ್ರಯೋಜನವಾದೀತೇ ಎಂದು ನೋಡಲೆಂದೇ ನಾನು ಶೋಟೋಕಾನ್ ಶೈಲಿಯ ಈ ತರಗತಿಗೆ ಸೇರಿದೆ. ಪ್ರಯೋಜನವಂತೂ ಆಗಿದೆ, ಆದರೆ ಅದಕ್ಕೆ ಮೈದಣಿವೊಂದೇ ಕಾರಣವಲ್ಲ ಎಂಬುದು ನನ್ನ ಅನುಭವ.

ಇಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಕಟಾ, ಅಂದರೆ ಎದುರಾಳಿಯಿಲ್ಲದೆ ಗೊತ್ತಾದ ಕ್ರಮದಲ್ಲಿ ಮಾಡುವ ಚಲನೆಗಳ ಅಭ್ಯಾಸ. ಹೊಸಬರಿಗೆ ಕಲಿಸುವ ಹೇಯಾನ್ ಶೋದಾನ್ ಎಂಬ ಕಟಾದಲ್ಲಿ 21 ಚಲನೆಗಳಿವೆ: ಎಡಕ್ಕೆ ತಿರುಗಿ ಕೆಳಗಿನ ತಡೆ, ಹೆಜ್ಜೆ ಮುಂದಿಟ್ಟು ಗುದ್ದು, ಮತ್ತೆ ಪೂರ್ತಿ ಹಿಂದಕ್ಕೆ ಹೊರಳಿ ತಡೆ, ಹೀಗೆ ಸಾಗುತ್ತದೆ. ಗುದ್ದುವಾಗ ಉಸಿರು ಬಿಡಬೇಕು, ಇನ್ನೊಂದು ಮುಷ್ಟಿ ಸೊಂಟಕ್ಕೆ ಬಂದು ನಿಲ್ಲಬೇಕು, ಹಿಂಗಾಲಿನ ಹಿಮ್ಮಡಿ ನೆಲ ಬಿಡಬಾರದು. ಇಷ್ಟನ್ನೂ ಒಟ್ಟಿಗೆ ಗಮನಿಸುವಾಗ ನಾಳೆಯ ಚಿಂತೆಗೆ ಮನಸ್ಸಿನಲ್ಲಿ ಜಾಗವೇ ಇರುವುದಿಲ್ಲ. ಹಿಮ್ಮಡಿ ಎದ್ದರೆ ಶಿಕ್ಷಕರು ಗದರುವುದಿಲ್ಲ, ಪಕ್ಕದಲ್ಲಿ ಬಂದು ನಿಂತು ಅದೇ ಚಲನೆಯನ್ನು ನಿಧಾನವಾಗಿ ಮಾಡಿ ತೋರಿಸುತ್ತಾರೆ. ಕೊನೆಯಲ್ಲಿ ಮಂಡಿಯೂರಿ ಕುಳಿತು ಕಣ್ಣು ಮುಚ್ಚುವ ಮೊಕುಸೊ ಇರುತ್ತದೆ. ದೀರ್ಘವಾಗಿ ಉಸಿರು ಬಿಡುವಾಗ ಎದೆಬಡಿತ ತಾನಾಗಿಯೇ ಇಳಿಯುತ್ತದೆ. ಈ ಭಾಗವನ್ನು ಅವಸರದಲ್ಲಿ ಮುಗಿಸದಿರುವುದು ಈ ತರಗತಿಯ ದೊಡ್ಡ ಗುಣ.

ಆದರೆ ತಡವಾದ ಬ್ಯಾಚನ್ನು ನಾನು ಶಿಫಾರಸು ಮಾಡಲಾರೆ. ಅದರಲ್ಲಿ ಕುಮಿತೆಯನ್ನು, ಅಂದರೆ ಎದುರಾಳಿಯೊಂದಿಗಿನ ಕಾದಾಟವನ್ನು, ಕಡೆಗೆ ಇಟ್ಟಿದ್ದಾರೆ. ನಿದ್ರೆ ಹತ್ತಬೇಕಾದರೆ ದೇಹದ ಒಳಗಿನ ಉಷ್ಣತೆ ಇಳಿಯಬೇಕು. ಬಿರುಸಿನ ಕಾದಾಟವಾದರೋ ಅದನ್ನು ಏರಿಸುತ್ತದೆ, ಅಡ್ರಿನಲಿನ್ ಹೆಚ್ಚಿಸುತ್ತದೆ. ಅಲ್ಲಿಂದ ನೇರವಾಗಿ ಮಲಗಲು ಹೋದವರು ತಪ್ಪಿದ ಏಟನ್ನೇ ನೆನೆಯುತ್ತಾ ಎಚ್ಚರವಾಗಿರುವ ಸಾಧ್ಯತೆಯೇ ಹೆಚ್ಚು. ಕುಮಿತೆಯನ್ನು ನಡುವಿಗೆ ತಂದು, ಆಮೇಲೆ ಕಟಾ ಮಾಡಿಸಿದರೆ ಈ ತೊಂದರೆ ಬಹಳಷ್ಟು ತಗ್ಗೀತು.

ತಲೆಗೆ ಏಟು ಬೀಳದಂತೆ ಇಲ್ಲಿ ವಹಿಸುವ ಎಚ್ಚರವನ್ನೂ ಹೇಳಲೇಬೇಕು, ಏಕೆಂದರೆ ತಲೆಯ ಪೆಟ್ಟೇ ನಿದ್ರೆ ಕೆಡಲು ಕಾರಣವಾಗಬಲ್ಲದು. ಪ್ರವೇಶದ ಅರ್ಜಿಯಲ್ಲಿ ಹೃದಯ, ಕೀಲುಗಳ ಬಗ್ಗೆ ಕೇಳುತ್ತಾರೆ, ನಿದ್ರೆಯ ಬಗ್ಗೆ ಕೇಳುವುದಿಲ್ಲ. ವಾರಕ್ಕೆ 3 ರಾತ್ರಿಯಾದರೂ ನಿದ್ರೆಗೆಟ್ಟು, ಅದು 3 ತಿಂಗಳು ಮುಂದುವರಿದಿದ್ದರೆ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಎಂದು ಪರಿಗಣಿಸುತ್ತಾರೆ. ಅಂಥವರು ತರಗತಿಗೆ ಸೇರುವುದರ ಜೊತೆಗೆ ವೈದ್ಯರನ್ನೂ ಕಾಣಬೇಕೆಂಬ ಒಂದು ಸಾಲನ್ನು ಆ ಅರ್ಜಿಯಲ್ಲಿ ಸೇರಿಸಬೇಕೆಂದು ನನ್ನ ವಿನಂತಿ.