ಪ್ರಾಜೆಕ್ಟ್ ಆಯ್ಲರ್: ಲೆಕ್ಕದ ರುಚಿ ಹತ್ತಿದ ಪ್ರೌಢಶಾಲಾ ಪ್ರೋಗ್ರಾಮರ್‌ಗಳಿಗೆ

ಪ್ರೋಗ್ರಾಮಿಂಗ್‌ನಲ್ಲಿ ಆಸಕ್ತಿಯಿರುವ ಪ್ರೌಢಶಾಲಾ ವಿದ್ಯಾರ್ಥಿ ಪಾಠದ ಹೊರಗೆ ಏನು ಮಾಡಬಹುದು ಎಂದು ಯಾರಾದರೂ ಕೇಳಿದರೆ, ಆ ವಿದ್ಯಾರ್ಥಿಗೆ ಗಣಿತವೂ ಇಷ್ಟವೆಂದಾದಲ್ಲಿ, ನಾನು ಮೊದಲು ಹೇಳುವ ಹೆಸರು ಪ್ರಾಜೆಕ್ಟ್ ಆಯ್ಲರ್. ಪ್ರೋಗ್ರಾಂ ಬರೆದು ಬಿಡಿಸಬೇಕಾದ ಗಣಿತದ ಸಮಸ್ಯೆಗಳನ್ನು ಕೊಡುವ, 2001ರಲ್ಲಿ ಆರಂಭವಾದ ಈ ಜಾಲತಾಣ ಉಚಿತವಾಗಿದ್ದು, ಯಾವ ಭಾಷೆಯಲ್ಲಿ ಪ್ರೋಗ್ರಾಂ ಬರೆದರೂ ಅದು ಕೇಳುವುದು ಕೊನೆಯ ಉತ್ತರವೊಂದನ್ನೇ.

ಮೊದಲ ಸಮಸ್ಯೆ ಸರಳ: 1000ಕ್ಕಿಂತ ಕಡಿಮೆಯಿರುವ, 3 ಅಥವಾ 5ರ ಗುಣಕಗಳಾದ ಎಲ್ಲ ಸಂಖ್ಯೆಗಳ ಮೊತ್ತ. 3ರ ಗುಣಕಗಳನ್ನೂ 5ರ ಗುಣಕಗಳನ್ನೂ ಬೇರೆ ಬೇರೆ ಕೂಡಿಸಿದವರು 15ರ ಗುಣಕಗಳನ್ನು ಎರಡು ಸಲ ಎಣಿಸಿ ಎಡವುತ್ತಾರೆ. ತಾಣವು ಉತ್ತರ ತಪ್ಪೆಂದು ಹೇಳುತ್ತದೆಯೇ ಹೊರತು ಎಲ್ಲಿ ತಪ್ಪಿತೆಂದು ಹೇಳುವುದಿಲ್ಲ.

ಈ ತಾಣದ ನಿಜವಾದ ಬೆಲೆ ತಿಳಿಯುವುದು 18 ಮತ್ತು 67ನೆಯ ಸಮಸ್ಯೆಗಳನ್ನು ಜೊತೆಯಾಗಿ ಬಿಡಿಸಿದಾಗ. ತ್ರಿಕೋನಾಕಾರದಲ್ಲಿ ಜೋಡಿಸಿದ ಸಂಖ್ಯೆಗಳ ತುದಿಯಿಂದ ಹೊರಟು, ಪ್ರತಿ ಹೆಜ್ಜೆಗೂ ಕೆಳಗಿನ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುತ್ತ ಇಳಿದರೆ ಸಿಗಬಹುದಾದ ಅತಿ ಹೆಚ್ಚಿನ ಮೊತ್ತವೆಷ್ಟು ಎಂಬುದು ಎರಡರಲ್ಲೂ ಇರುವ ಪ್ರಶ್ನೆ. 18ರಲ್ಲಿ 15 ಸಾಲುಗಳಿದ್ದು, 16,384 ದಾರಿಗಳನ್ನೂ ಒಂದೊಂದಾಗಿ ಪರೀಕ್ಷಿಸಿ ಗೆಲ್ಲಬಹುದು. 67ರಲ್ಲಿ ಸಾಲುಗಳು 100. ಸೆಕೆಂಡಿಗೆ ಒಂದು ಲಕ್ಷ ಕೋಟಿ ದಾರಿಗಳನ್ನು ನೋಡಬಲ್ಲ ಯಂತ್ರಕ್ಕೂ ಎಲ್ಲವನ್ನೂ ಮುಗಿಸಲು ಎರಡು ಸಾವಿರ ಕೋಟಿ ವರ್ಷಗಳು ಸಾಲವು. ಆದರೆ ಕೆಳಗಿನ ಸಾಲಿನಿಂದ ಹೊರಟು, ಪ್ರತಿ ಸಂಖ್ಯೆಗೂ ಅದರ ಕೆಳಗಿನ ಎರಡರಲ್ಲಿ ದೊಡ್ಡದನ್ನು ಸೇರಿಸುತ್ತ ಮೇಲೇರಿದರೆ 4,950 ಸಂಕಲನಗಳಲ್ಲಿ ಕೆಲಸ ಮುಗಿಯುತ್ತದೆ. ಚಿಕ್ಕ ಭಾಗಗಳ ಉತ್ತರಗಳಿಂದ ದೊಡ್ಡದರ ಉತ್ತರವನ್ನು ಕಟ್ಟುವ ಈ ವಿಧಾನವನ್ನು, ಡೈನಾಮಿಕ್ ಪ್ರೋಗ್ರಾಮಿಂಗ್ ಎಂಬ ಅದರ ಹೆಸರು ಕೇಳುವ ಮೊದಲೇ, ತಾನಾಗಿ ಕಂಡುಕೊಳ್ಳುವ ಅವಕಾಶ ಇಷ್ಟು ಅಚ್ಚುಕಟ್ಟಾಗಿ ಬೇರೆಡೆ ಸಿಗುವುದು ಅಪರೂಪ.

ಉತ್ತರ ಸರಿಯಾದ ಮೇಲಷ್ಟೇ ಆಯಾ ಸಮಸ್ಯೆಯ ಚರ್ಚೆ ತೆರೆದುಕೊಳ್ಳುತ್ತದೆ. ತಾನು ನಲವತ್ತು ಸಾಲುಗಳಲ್ಲಿ ಬರೆದದ್ದನ್ನು ಇನ್ನೊಬ್ಬರು ಕಾಗದದ ಮೇಲೆಯೇ ಬಿಡಿಸಿದ್ದಾರೆಂದು ತಿಳಿದಾಗ ಆಗುವ ಪೆಚ್ಚು ಕೂಡ ಒಳ್ಳೆಯದೇ.

ಕೊರತೆಗಳೂ ಇವೆ. ಇಲ್ಲಿ ಕೋಡನ್ನು ಯಾರೂ ಓದುವುದಿಲ್ಲವಾದ್ದರಿಂದ ಒರಟಾಗಿ ಬರೆಯುವ ಚಾಳಿ ಹಾಗೆಯೇ ಉಳಿದುಬಿಡಬಹುದು. ಒಂದು ನಿಮಿಷದೊಳಗೆ ಉತ್ತರ ಬರಬೇಕೆಂಬ ಸೂತ್ರವಿದೆ, ಆದರೆ ಅದನ್ನು ಪಾಲಿಸುವುದು ಅವರವರ ಪ್ರಾಮಾಣಿಕತೆಗೆ ಬಿಟ್ಟದ್ದು. ಮುಂದೆ ಹೋದಂತೆ ಸಂಖ್ಯಾಸಿದ್ಧಾಂತದ ಭಾರವೂ ಹೆಚ್ಚುತ್ತದೆ. 1989ರಿಂದ ನಡೆಯುತ್ತಿರುವ, ಶಾಲಾ ವಿದ್ಯಾರ್ಥಿಗಳ ಪ್ರೋಗ್ರಾಮಿಂಗ್ ಸ್ಪರ್ಧೆಯಾದ ಅಂತರರಾಷ್ಟ್ರೀಯ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡ್‌ನ ಮೇಲೆ ಕಣ್ಣಿಟ್ಟವರಿಗೆ, ಸಮಯ ಮತ್ತು ಮೆಮೊರಿಯ ಮಿತಿಯಲ್ಲಿ ಪ್ರೋಗ್ರಾಂ ಅನ್ನೇ ಓಡಿಸಿ ನೋಡುವ ಕೋಡ್‌ಫೋರ್ಸಸ್‌ನಂಥ ತಾಣ ಹೆಚ್ಚು ಉಪಯುಕ್ತ. ಆಟವನ್ನೋ ಆ್ಯಪನ್ನೋ ಕಟ್ಟುವ ಉತ್ಸಾಹವಿರುವವರನ್ನು ಮಾತ್ರ ಇಲ್ಲಿಗೆ ಎಳೆದು ತರಬಾರದು. ನಾಲ್ಕು ಜನ ಸೇರಿ ಏನಾದರೂ ತಯಾರಿಸುವ ಕೋಡಿಂಗ್ ಕ್ಲಬ್ ಅವರಿಗೆ ತಕ್ಕ ಜಾಗ.