ಹೈಡ್ರೋಥರ್ಮಲ್ ಶಿಲಾ ಮಾದರಿ ಪೆಟ್ಟಿಗೆ: ಕೊಳ್ಳುವ ಮುನ್ನ

ಬಿಸಿದ್ರವ ಹಾಯ್ದಾಗ ಕಲ್ಲಿನೊಳಗಿನ ಖನಿಜಗಳು ಹೇಗೆ ಬದಲಾಗುತ್ತವೆ ಎಂದು ತೋರಿಸುವ ಪೆಟ್ಟಿಗೆ ಇದು. ಆರು ತುಂಡುಗಳು, ಅವುಗಳದ್ದೇ ಆರು ಥಿನ್ ಸೆಕ್ಷನ್‌ಗಳು (ಸೂಕ್ಷ್ಮದರ್ಶಕದಲ್ಲಿ ನೋಡಲು ಗಾಜಿಗೆ ಅಂಟಿಸಿ ತೆಳ್ಳಗೆ ಉಜ್ಜಿದ ಕಲ್ಲಿನ ಪದರಗಳು), ಜೊತೆಗೊಂದು ಕೈಪಿಡಿ. ಕೊಳ್ಳಲು ಗಟ್ಟಿ ಕಾರಣವೆಂದರೆ ಮೊದಲ ಎರಡು ತುಂಡುಗಳು: ಬದಲಾಗದ ಗ್ರಾನೊಡಯೊರೈಟ್ (ಗ್ರಾನೈಟನ್ನು ಹೋಲುವ ಅಗ್ನಿಶಿಲೆ), ಪಕ್ಕದಲ್ಲೇ ಸೆರಿಸೈಟ್‌ಗೆ, ಅಂದರೆ ಸಣ್ಣ ಕಣಗಳ ಬಿಳಿ ಅಭ್ರಕಕ್ಕೆ, ತಿರುಗಿದ ಅದೇ ಕಲ್ಲು. ಮೂಲಶಿಲೆಯನ್ನೇ ಕೊಡದಿದ್ದರೆ ಬದಲಾವಣೆಯನ್ನು ಯಾವುದಕ್ಕೆ ಹೋಲಿಸಿ ನೋಡುವುದು?

ಎರಡನ್ನೂ ಒದ್ದೆ ಮಾಡಿ 10 ಪಟ್ಟಿನ ಮಸೂರದಲ್ಲಿ ನೋಡಿ. ಎರಡನೆಯದರಲ್ಲಿ ಫೆಲ್ಡ್‌ಸ್ಪಾರ್ ಹರಳಿನ ಆಕಾರ ಹಾಗೇ ಇದೆ, ಸೀಳುಮೈಯ ಹೊಳಪು ಮಾತ್ರ ಇಲ್ಲ. ಚಾಕುವಿನ ಮೊನೆಯಿಂದ ಗೀಚಿದರೆ ಪುಡಿ ಉದುರುತ್ತದೆ. ಆಮ್ಲೀಯ ದ್ರವ ಫೆಲ್ಡ್‌ಸ್ಪಾರನ್ನು ಕರಗಿಸುತ್ತಲೇ ಆ ಜಾಗದಲ್ಲಿ ಸೆರಿಸೈಟನ್ನು ಕೂರಿಸಿದೆ. ಪೊಟ್ಯಾಸಿಯಂ ಫೆಲ್ಡ್‌ಸ್ಪಾರಿನ 3 ಮೋಲ್‌ಗೆ 2 ಮೋಲ್ ಹೈಡ್ರೋಜನ್ ಅಯಾನು ಸೇರಿದರೆ 1 ಮೋಲ್ ಮಸ್ಕೊವೈಟ್ (ಸೆರಿಸೈಟ್ ಇದರದೇ ಸಣ್ಣ ಕಣಗಳ ರೂಪ), 6 ಮೋಲ್ ಸಿಲಿಕಾ ಸಿಗುತ್ತವೆ, 2 ಮೋಲ್ ಪೊಟ್ಯಾಸಿಯಂ ಅಯಾನು ದ್ರವಕ್ಕೆ ಹೋಗುತ್ತದೆ. ಕಪ್ಪು ಬಯೊಟೈಟ್ ಇದ್ದ ಕಡೆ ಈಗ ಪೈರೈಟ್: ಅದರ ಕಬ್ಬಿಣಕ್ಕೆ ದ್ರವದ ಗಂಧಕ ಸಿಕ್ಕಿದೆ.

ಹಸಿರು ತುಂಡಿನ ಚೀಟಿ ಬರೀ ‘ಪ್ರೊಪಿಲಿಟಿಕ್’ (ಹಸಿರು ಖನಿಜಗಳು ಮೂಡುವ ಬಗೆಯ ಬದಲಾವಣೆ) ಎನ್ನುತ್ತದೆ. ಅದು ಸಾಲದು. ಪಿಸ್ತಾ ಬಣ್ಣದ್ದು, ಚಾಕುವಿಗೆ ಬಗ್ಗದ್ದು ಎಪಿಡೋಟ್. ಮಂಕು ಹಸಿರಿನದು, ಸುಲಭವಾಗಿ ಗೀಚಿಕೊಳ್ಳುವುದು ಕ್ಲೋರೈಟ್. ಬಿಳಿ ಎಳೆಯ ಮೇಲೆ ಶೇ. 10ರ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಟ್ಟಾಗ ಬುರುಗೆದ್ದರೆ ಕ್ಯಾಲ್ಸೈಟ್.

ಪೆಟ್ಟಿಗೆ ಕೈಕೊಡುವುದು ಜೇಡಿ ಖನಿಜಗಳಲ್ಲಿ. ಆರ್ಜಿಲಿಕ್, ಅಂದರೆ ಜೇಡಿಗೆ ತಿರುಗಿದ, ತುಂಡಿನ ಥಿನ್ ಸೆಕ್ಷನನ್ನು ನೀರು ಹಾಕಿ ಉಜ್ಜಿದಂತಿದೆ. ನೀರು ಹೀರುವ ಜೇಡಿ ಖನಿಜವಾದ ಸ್ಮೆಕ್ಟೈಟ್ ಉಬ್ಬಿ ಕಿತ್ತುಬಂದು ತೂತುಗಳಾಗಿವೆ. ಕ್ರಾಸ್ಡ್ ಪೋಲಾರ್‌ನಲ್ಲಿ (ಸೂಕ್ಷ್ಮದರ್ಶಕದ ಎರಡು ಧ್ರುವಕಗಳನ್ನು ಒಂದಕ್ಕೊಂದು ಅಡ್ಡ ಇಟ್ಟಾಗ) ಸ್ಟೇಜ್ ಎಷ್ಟು ತಿರುಗಿಸಿದರೂ ಕಪ್ಪಾಗಿಯೇ ಉಳಿಯುವ ಜಾಗಗಳನ್ನು ಖನಿಜವೆಂದು ಎಣಿಸಬೇಡಿ. ಮೊದಲು ಎಪಾಕ್ಸಿ ಅಂಟು ಕುಡಿಸಿ, ನೀರಿನ ಬದಲು ಎಣ್ಣೆಯಲ್ಲಿ ಉಜ್ಜಬೇಕಿತ್ತು. ದಪ್ಪವೂ ಒಂದೇ ಸಮನಿಲ್ಲ: 30 ಮೈಕ್ರಾನ್‌ನಲ್ಲಿ ಬೂದು-ಬಿಳಿಯಾಗಿ ಕಾಣಬೇಕಾದ ಕ್ವಾರ್ಟ್ಜ್ ಒಂದು ಅಂಚಿನಲ್ಲಿ ಕಡು ಹಳದಿ.

ಕೈಪಿಡಿ ಬದಲಾವಣೆಯ ಒಂದೊಂದು ವಲಯಕ್ಕೂ (ಸೆರಿಸೈಟ್, ಪ್ರೊಪಿಲಿಟಿಕ್, ಆರ್ಜಿಲಿಕ್ ಹೀಗೆ) ಒಂದೊಂದು ತಾಪಮಾನ ಬರೆದು ಕೈತೊಳೆದುಕೊಂಡಿದೆ. 300 ಡಿಗ್ರಿಯಲ್ಲೇ, ದ್ರವದಲ್ಲಿ ಹೈಡ್ರೋಜನ್ ಅಯಾನಿಗೆ ಹೋಲಿಸಿ ಪೊಟ್ಯಾಸಿಯಂ ಹೆಚ್ಚಿದ್ದರೆ ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ಉಳಿಯುತ್ತದೆ, ಕಡಿಮೆಯಾದರೆ ಸೆರಿಸೈಟ್ ಆಗುತ್ತದೆ. ಈ ಮಾತೇ ಅದರಲ್ಲಿಲ್ಲ.

ಪೈರೈಟ್ ಇರುವ ತುಂಡನ್ನು ಸಿಲಿಕಾ ಜೆಲ್ ಜೊತೆ ಬೇರೆ ಡಬ್ಬಿಯಲ್ಲಿಡಿ. ತೇವ ತಗುಲಿದರೆ ಗಂಧಕಾಮ್ಲ ಹುಟ್ಟಿ ಚೀಟಿಯನ್ನೂ ತಿನ್ನುತ್ತದೆ. ಸರ್ಪೆಂಟಿನೈಟ್ (ಆಲಿವೀನ್ ಹೆಚ್ಚಿರುವ ಕಲ್ಲಿಗೆ ನೀರು ಸೇರಿ ಬದಲಾದದ್ದು) ತುಂಡಿಗೆ ಆಯಸ್ಕಾಂತ ಹಿಡಿದು ನೋಡಿ: ಆಲಿವೀನ್‌ನ ಕಬ್ಬಿಣದಿಂದ ಹುಟ್ಟಿದ ಮ್ಯಾಗ್ನೆಟೈಟ್ ಸೆಳೆಯುತ್ತದೆ. ಆದರೆ ಅದರಲ್ಲಿ ರೇಷ್ಮೆಯಂಥ ನಾರಿನ ಎಳೆ ಕಂಡರೆ ಗೀಚಬೇಡಿ, ಕೊಯ್ಯಬೇಡಿ. ಅದು ಕ್ರೈಸೊಟೈಲ್, ಅಂದರೆ ಕಲ್ನಾರು. ಮುಚ್ಚಿದ ಪಾರದರ್ಶಕ ಡಬ್ಬಿಯಲ್ಲಿಟ್ಟು ತೋರಿಸಿ.